ಒಂದೇ ದಿನ ಎಂಟು ಓಟ: ಟೊರಾಂಟೊ ಟ್ರ್ಯಾಕಿನಲ್ಲಿ ಫೌಜಾ ಸಿಂಗ್

ಮ್ಯಾರಥಾನ್ ಓಡುವವರಿಗೆ ಒಂದಲ್ಲ ಒಂದು ದಿನ ಟ್ರ್ಯಾಕಿನ ಚಪಲ ಹತ್ತುತ್ತದೆ. ಕಂಠೀರವದಲ್ಲೋ ಜಿಲ್ಲಾ ಕ್ರೀಡಾಂಗಣದಲ್ಲೋ ಮಾಸ್ಟರ್ಸ್ (35 ದಾಟಿದವರ) ಕೂಟ ಇದೆ ಅಂತ ಗೊತ್ತಾದರೆ ಸಾಕು, "ಸುಮ್ನೆ ಒಂದು 1500 ಮೀಟರ್ ಓಡಿ ನೋಡೋಣ" ಅಂತ ಹೆಸರು ಕೊಡುತ್ತಾರೆ. ಅದರ ಬೆನ್ನಿಗೇ 800ಕ್ಕೂ ಕೊಡುತ್ತಾರೆ. ಆದರೆ ಆ ವಾರದ ಲಾಂಗ್ ರನ್, ಅಂದರೆ ವಾರಕ್ಕೊಮ್ಮೆಯ ಉದ್ದದ ಓಟ, ಮಾತ್ರ ಬಿಡುವುದಿಲ್ಲ. ಓಟ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಕಾಲು ಭಾರ ಇತ್ತು. ಎಷ್ಟು ಭಾರ, ಅದರಿಂದ ಎಷ್ಟು ಸೆಕೆಂಡು ಹೋಯಿತು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಯಾರೂ ಬರೆದಿಟ್ಟಿರುವುದಿಲ್ಲ, ಅಲ್ವಾ?

ಬರೆದಿಟ್ಟ ಒಂದು ಪ್ರಕರಣ ಇದೆ. ಓಟಗಾರ ಫೌಜಾ ಸಿಂಗ್. ದಿನ 2011ರ ಅಕ್ಟೋಬರ್ 13, ಗುರುವಾರ. ಜಾಗ ಕೆನಡಾದ ಟೊರಾಂಟೊ ನಗರದ ಬರ್ಚ್‌ಮೌಂಟ್ ಸ್ಟೇಡಿಯಂ. ಪಾಸ್‌ಪೋರ್ಟ್ ಪ್ರಕಾರ ಅವರಿಗೆ ಆಗ 100 ವರ್ಷ ಆರು ತಿಂಗಳು. ಅಲ್ಲಿನ ಮಾಸ್ಟರ್ಸ್ ಅಥ್ಲೆಟಿಕ್ಸ್ ಸಂಸ್ಥೆಯವರು ಅವರ ಹೆಸರಿನಲ್ಲೇ ಒಂದು ಕೂಟ ಇಟ್ಟಿದ್ದರು. ಅವರು ಅಂದು ಎಂಟು ದೂರಗಳನ್ನು ಓಡಿದರು. ಪ್ರತಿಯೊಂದಕ್ಕೂ ಅಧಿಕಾರಿಗಳು ಟೈಮಿಂಗ್ ಹಿಡಿದರು. ಮೂರು ದಿನ ಬಿಟ್ಟು ಭಾನುವಾರ ಅದೇ ಊರಿನಲ್ಲಿ ಅವರಿಗೆ ಮ್ಯಾರಥಾನ್ ಇತ್ತು.

ಈ ಕಥೆಯನ್ನು ಸಾಮಾನ್ಯವಾಗಿ "ನೂರು ವರ್ಷದ ಅಜ್ಜ ನೋಡಿ, ನೀವೂ ಓಡಿ" ಅಂತ ಹೇಳಿ ಮುಗಿಸುತ್ತಾರೆ. ನನಗೆ ಅದಕ್ಕಿಂತ ಆ ಎಂಟು ಟೈಮಿಂಗ್‌ಗಳ ಮೇಲೆ ಆಸಕ್ತಿ ಜಾಸ್ತಿ. ಒಬ್ಬನೇ ಮನುಷ್ಯ, ಒಂದೇ ಟ್ರ್ಯಾಕ್, ಒಂದೇ ದಿನ. ಹವ್ಯಾಸಿ ಓಟದಲ್ಲಿ ಇಷ್ಟು ಸ್ವಚ್ಛವಾದ ಲೆಕ್ಕ ಸಿಗುವುದು ಅಪರೂಪ.

ಮೊದಲು ಮನುಷ್ಯನ ಬಗ್ಗೆ

ಪಂಜಾಬಿನ ಜಲಂಧರ್ ಹತ್ತಿರದ ಬಿಯಾಸ್ ಪಿಂಡ್ ಇವರ ಊರು. ಬೇಸಾಯದ ಮನೆತನ. ಚಿಕ್ಕಂದಿನಲ್ಲಿ ಕಾಲು ಎಷ್ಟು ಸಣ್ಣ, ಎಷ್ಟು ನಿಶ್ಶಕ್ತ ಅಂದರೆ ಐದು ವರ್ಷದವರೆಗೆ ನಡೆಯಲೇ ಇಲ್ಲವಂತೆ. 1992ರಲ್ಲಿ ಹೆಂಡತಿ ತೀರಿಕೊಂಡರು. 1994ರಲ್ಲಿ ಮಗ ಕುಲದೀಪ್ ಅಪಘಾತದಲ್ಲಿ ಹೋದರು. ಆಮೇಲೆ ಲಂಡನ್ನಿನ ಪೂರ್ವ ಭಾಗದ ಇಲ್ಫರ್ಡ್‌ಗೆ ಇನ್ನೊಬ್ಬ ಮಗನ ಮನೆಗೆ ಬಂದರು. ದುಃಖ ಮರೆಯಲು ಓಟ ಹಿಡಿದರು. ಮೊದಲ ದಿನದ ಅಭ್ಯಾಸಕ್ಕೆ ಸೂಟು ಹಾಕಿಕೊಂಡು ಬಂದಿದ್ದರಂತೆ. ಕೋಚ್ ಹರ್ಮಂದರ್ ಸಿಂಗ್ ಅವರನ್ನು ತಯಾರು ಮಾಡಿದರು. 2000ದಲ್ಲಿ, 89ನೇ ವಯಸ್ಸಿನಲ್ಲಿ, ಲಂಡನ್ ಮ್ಯಾರಥಾನ್ 6 ಗಂಟೆ 54 ನಿಮಿಷದಲ್ಲಿ ಮುಗಿಸಿದರು. 2003ರಲ್ಲಿ ಟೊರಾಂಟೊದಲ್ಲೇ 5 ಗಂಟೆ 40 ನಿಮಿಷಕ್ಕೆ ಇಳಿಸಿದರು. ಇವರು ಸ್ಪ್ರಿಂಟರ್ ಅಲ್ಲ. ಶುದ್ಧ ದೂರದ ಓಟಗಾರ. ಟ್ರ್ಯಾಕ್ ಇವರಿಗೆ ನೆಂಟರ ಮನೆ.

ವಯಸ್ಸಿನ ತಕರಾರು ಇದ್ದೇ ಇದೆ, ಅದನ್ನು ಮುಚ್ಚಿಡುವುದು ಬೇಡ. ಜನನ ಪ್ರಮಾಣಪತ್ರ ಇಲ್ಲ ಅಂತ ಗಿನ್ನೆಸ್‌ನವರು ದಾಖಲೆ ಕೊಡಲಿಲ್ಲ. ಪಾಸ್‌ಪೋರ್ಟಿನಲ್ಲಿ 1911ರ ಏಪ್ರಿಲ್ 1 ಅಂತ ಇತ್ತು. ನೂರು ತುಂಬಿದಾಗ ಬ್ರಿಟನ್ ರಾಣಿಯ ಪತ್ರವೂ ಬಂದಿತ್ತು. ಅವೆರಡೂ ಸಾಲಲಿಲ್ಲ. ನಮ್ಮ ಕಡೆ ಹಳೆಯ ತಲೆಮಾರಿನಲ್ಲಿ ಅರ್ಧ ಊರಿನ ಜನ್ಮದಿನ ಜೂನ್ 1 ಇರುತ್ತದೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಜನನ ನೋಂದಣಿ ಎಲ್ಲರಿಗೂ ಕಡ್ಡಾಯ ಅಂತ ದೇಶಕ್ಕೆಲ್ಲ ಒಂದು ಕಾನೂನು ಬಂದದ್ದೇ 1969ರಲ್ಲಿ. ಹಾಗಾಗಿ ಕಾಗದ ಇಲ್ಲ ಅಂದರೆ ಸುಳ್ಳು ಅಂತಲೂ ಅಲ್ಲ, ನಿಜ ಅಂತ ಸಾಬೀತಾಯಿತು ಅಂತಲೂ ಅಲ್ಲ. ಈ ಅಧ್ಯಯನಕ್ಕೆ ಮಾತ್ರ ಅದರಿಂದ ತೊಂದರೆ ಇಲ್ಲ. ಅವರಿಗೆ 100 ಇರಲಿ, 95 ಇರಲಿ, ನಾವು ಹೋಲಿಸುತ್ತಿರುವುದು ಅವರನ್ನು ಅವರ ಜೊತೆಗೇ.

ಆ ದಿನದ ಟೈಮಿಂಗ್

100 ಮೀಟರ್: 23 ಸೆಕೆಂಡು ಚಿಲ್ಲರೆ
200 ಮೀಟರ್: 52.23 ಸೆಕೆಂಡು
400 ಮೀಟರ್: 2 ನಿಮಿಷ 13.48
800 ಮೀಟರ್: 5 ನಿಮಿಷ 32.18
1500 ಮೀಟರ್: 11 ನಿಮಿಷ 27.81
ಒಂದು ಮೈಲಿ: 11 ನಿಮಿಷ 53.45
3000 ಮೀಟರ್: 24 ನಿಮಿಷ 52.47
5000 ಮೀಟರ್: 49 ನಿಮಿಷ 57.39

ನೂರು ದಾಟಿದವರ ಗುಂಪಿನಲ್ಲಿ ಇವುಗಳಲ್ಲಿ ಐದು ಹಳೆಯ ದಾಖಲೆಗಿಂತ ಉತ್ತಮ ಅಂತ ಅಂದು ಸುದ್ದಿಯಾಯಿತು. ಉಳಿದ ಮೂರನ್ನು ಆ ವಯಸ್ಸಿನಲ್ಲಿ ಯಾರೂ ಓಡಿಯೇ ಇರಲಿಲ್ಲ. ಆದರೆ ದಾಖಲೆ ಪುಸ್ತಕದಲ್ಲಿ ಆ 23 ಸೆಕೆಂಡಿಗೆ ಜಾಗ ಸಿಗಲಿಲ್ಲ. ನೂರರ ವಯೋಗುಂಪಿನ 100 ಮೀಟರ್ ದಾಖಲೆ ಜಪಾನಿನ ಹಿದೆಕಿಚಿ ಮಿಯಾಜಾಕಿ ಅವರ 29.83ರಲ್ಲೇ ಉಳಿದಿತ್ತು. 2015ರಲ್ಲಿ ಅಮೆರಿಕದ ಡಾನ್ ಪೆಲ್‌ಮನ್ 26.99ಕ್ಕೆ ಓಡಿ ಅದನ್ನು ಮುರಿದರು. ನಡುವೆ ಟೊರಾಂಟೊದಲ್ಲಿ ಏನೂ ನಡೆದೇ ಇಲ್ಲ ಅನ್ನುವ ಹಾಗೆ.

ಈ ಪಟ್ಟಿಯನ್ನು ಸುಮ್ಮನೆ ಓದಿದರೆ ಭಯವಾಗುತ್ತದೆ. ಒಂದೇ ದಿನ ಎಂಟು ರೇಸ್! ಕೂಡಿಸಿ ನೋಡಿದರೆ ಬೇರೆಯೇ ಚಿತ್ರ. ಒಟ್ಟು ದೂರ 12.6 ಕಿಲೋಮೀಟರ್. ಒಟ್ಟು ಓಡಿದ ಹೊತ್ತು 1 ಗಂಟೆ 47 ನಿಮಿಷ. ಅವರು ದಿನಾ ಹತ್ತು ಮೈಲಿ, ಅಂದರೆ 16 ಕಿಲೋಮೀಟರ್, ಓಡುತ್ತಾರೆ, ನಡೆಯುತ್ತಾರೆ ಅಂತ ಆಗಿನ ಪತ್ರಿಕೆಗಳು ಬರೆಯುತ್ತಿದ್ದವು. ಅದರ ಮುಂದೆ ಇದು ಕಡಿಮೆಯೇ. ಕೋಚ್ ಕಣ್ಣಿನಲ್ಲಿ ನೋಡಿದರೆ ಮ್ಯಾರಥಾನ್ ವಾರದ ಒಂದು ಮಧ್ಯಮ ದಿನವನ್ನು ಎಂಟು ತುಂಡು ಮಾಡಿ, ತುಂಡು ತುಂಡಿಗೂ ಗಡಿಯಾರ ಹಿಡಿದ ಹಾಗೆ.

ಮೀಟರ್ ಬಿಡಿ, ನಿಮಿಷ ನೋಡಿ

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸಿದ್ದು ಇದು. 100 ಮೀಟರ್, 400 ಮೀಟರ್ ಅನ್ನುವ ಹೆಸರು ಟ್ರ್ಯಾಕಿನದು. ಮೈಗೆ ಮೀಟರ್ ಗೊತ್ತಿಲ್ಲ. ಎಷ್ಟು ಹೊತ್ತು, ಎಷ್ಟು ಜೋರು, ಅಷ್ಟೇ ಗೊತ್ತು.

ಉಸೇನ್ ಬೋಲ್ಟ್ 100 ಮೀಟರ್ ಓಡಿದ್ದು 9.58 ಸೆಕೆಂಡಿನಲ್ಲಿ. ಅಷ್ಟು ಹೊತ್ತಿನ ಕೆಲಸಕ್ಕೆ ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟ ಇಂಧನವೇ ಬಹುಪಾಲು ಸಾಕು. ಫೌಜಾ ಸಿಂಗ್ ಅವರ 23 ಸೆಕೆಂಡು ಬೋಲ್ಟ್ ಅವರ 200 ಮೀಟರ್ ದಾಖಲೆಗಿಂತ ಉದ್ದದ ಕೆಲಸ, ಅದು 19.19 ಸೆಕೆಂಡು. ಕೀನ್ಯಾದ ಡೇವಿಡ್ ರುಡಿಶಾ 800 ಮೀಟರ್ ವಿಶ್ವದಾಖಲೆ ಮಾಡಿದ್ದು 1 ನಿಮಿಷ 40.91ರಲ್ಲಿ. ಫೌಜಾ ಸಿಂಗ್ ಅವರ 400 ಮೀಟರ್ ಅದಕ್ಕಿಂತ ಅರ್ಧ ನಿಮಿಷ ಜಾಸ್ತಿ ತೆಗೆದುಕೊಂಡಿತು. ಅವರ 800 ಮೀಟರ್ ಐದೂವರೆ ನಿಮಿಷದ ಓಟ. ಐದೂವರೆ ನಿಮಿಷ ಅಂದರೆ ಹೆಚ್ಚಿನ ಪಾಲು ಉಸಿರಿನ ಮೇಲೆ ನಡೆಯುವ ಕೆಲಸ. 5000 ಮೀಟರ್ ಅಂತೂ ಐವತ್ತು ನಿಮಿಷ. ನಮ್ಮಲ್ಲಿ ತುಂಬ ಜನ ಅಷ್ಟು ಹೊತ್ತಿನಲ್ಲಿ 10 ಕಿಲೋಮೀಟರ್ ಮುಗಿಸುತ್ತಾರೆ.

ಅಂದರೆ ಎಂಟರಲ್ಲಿ ಒಂದು ನಿಮಿಷದೊಳಗೆ ಮುಗಿದದ್ದು ಎರಡೇ ಓಟ. ಉಳಿದ ಆರೂ ದೂರದ ಓಟಗಾರನ ಅಂಗಳದಲ್ಲೇ ಬಿದ್ದವು. ಇದು ಅವರ ಸಾಧನೆಯನ್ನು ಸಣ್ಣದು ಮಾಡುವ ಮಾತಲ್ಲ. ಆ ದಿನ ಅವರ ಮೈ ಯಾಕೆ ಮುರಿಯಲಿಲ್ಲ ಅನ್ನುವುದಕ್ಕೆ ಕಾರಣ. ವೇಗವೇ ಇಲ್ಲದಿದ್ದರೆ ವೇಗದಿಂದ ಆಗುವ ಪೆಟ್ಟೂ ಇರುವುದಿಲ್ಲ. ಅವರ 100 ಮೀಟರ್ ಓಟದ ಪೇಸ್ ಕಿಲೋಮೀಟರಿಗೆ 4 ನಿಮಿಷಕ್ಕಿಂತ ಸ್ವಲ್ಪ ಕಡಿಮೆ. ಚೆನ್ನಾಗಿ ಓಡುವ ಹವ್ಯಾಸಿಯೊಬ್ಬ ಪೂರ್ತಿ 10 ಕಿಲೋಮೀಟರ್ ಓಡುವ ಪೇಸ್ ಅದು. ಸ್ನಾಯು ಹರಿಯುವುದು ಆ ಪೇಸಿನಲ್ಲಿ ಕಡಿಮೆ.

ದಣಿವು ಎಲ್ಲಿ ಕಾಣುತ್ತದೆ

ಪ್ರತಿ 100 ಮೀಟರಿಗೆ ಎಷ್ಟು ಸೆಕೆಂಡು ಅಂತ ಭಾಗಿಸಿ ನೋಡೋಣ. 200ರಲ್ಲಿ 26, 400ರಲ್ಲಿ 33, 800ರಲ್ಲಿ 41.5, 1500ರಲ್ಲಿ 46, ಮೈಲಿಯಲ್ಲಿ 44, 3000ದಲ್ಲಿ 50, 5000ದಲ್ಲಿ 60. ದೂರ ಹೆಚ್ಚಿದಂತೆ ನಿಧಾನ ಆಗುವುದು ಸಹಜ. ಸಹಜಕ್ಕಿಂತ ಎಷ್ಟು ಜಾಸ್ತಿ ನಿಧಾನ ಆಯಿತು ಅನ್ನುವುದೇ ಪ್ರಶ್ನೆ.

ಇದಕ್ಕೆ ಓಟಗಾರರು ಬಳಸುವ ಒಂದು ಸೂತ್ರ ಇದೆ. ಪೀಟ್ ರೀಗಲ್ ಎಂಬ ಅಮೆರಿಕದ ಇಂಜಿನಿಯರ್ ಕೊಟ್ಟದ್ದು. ದೂರ ಎರಡು ಪಟ್ಟಾದರೆ ಹೊತ್ತು ಸುಮಾರು 2.085 ಪಟ್ಟು ಆಗುತ್ತದೆ ಅನ್ನುವುದು ಅದರ ಸಾರ. ಎರಡು ಓಟವನ್ನೂ ಬೇರೆ ಬೇರೆ ದಿನ, ತಾಜಾ ಕಾಲಿನಲ್ಲಿ ಓಡಿದರೆ ಹೀಗಾಗುತ್ತದೆ ಅಂತ ಲೆಕ್ಕ. ಶತಾಯುಷಿಗಳಿಗೆ ಮಾಡಿದ ಸೂತ್ರ ಅಲ್ಲ, ಆದ್ದರಿಂದ ಸೆಕೆಂಡು ಸೆಕೆಂಡಿಗೂ ನಂಬಬೇಡಿ. ದಿಕ್ಕು ತೋರಿಸಲು ಸಾಕು.

800ರಿಂದ ಲೆಕ್ಕ ಹಾಕಿದರೆ 1500 ಮೀಟರ್ 10 ನಿಮಿಷ 47 ಸೆಕೆಂಡಿಗೆ ಬರಬೇಕಿತ್ತು. ಬಂದದ್ದು 11:28. 1500ರಿಂದ 3000ಕ್ಕೆ ಹೋದರೆ 23:54 ಬರಬೇಕು. ಬಂದದ್ದು 24:52. ಇಲ್ಲಿವರೆಗೆ ಒಂದು ನಿಮಿಷದೊಳಗಿನ ಮಾತು. 3000ದಿಂದ 5000ಕ್ಕೆ ಬಂದಾಗ ಲೆಕ್ಕ ತಪ್ಪುತ್ತದೆ. ಸೂತ್ರ 42:45 ಅನ್ನುತ್ತದೆ, ಗಡಿಯಾರ 49:57 ಅನ್ನುತ್ತದೆ. ಏಳು ನಿಮಿಷಕ್ಕೂ ಜಾಸ್ತಿ ಎಲ್ಲೋ ಸೋರಿಹೋಯಿತು.

ನಡುವೆ ಒಂದು ತಮಾಷೆ ಇದೆ. 1500ಕ್ಕೂ ಮೈಲಿಗೂ ಇರುವ ವ್ಯತ್ಯಾಸ 109 ಮೀಟರ್. ಅವರ 1500ರ ಪೇಸಿನಲ್ಲಿ 109 ಮೀಟರಿಗೆ 50 ಸೆಕೆಂಡು ಬೇಕು. ಎರಡು ಟೈಮಿಂಗ್ ನಡುವೆ ಇರುವುದು 26 ಸೆಕೆಂಡು ಕೂಡ ಅಲ್ಲ. ಎರಡನ್ನೂ ಒಂದೇ ಓಟದಲ್ಲಿ ಹಿಡಿದಿದ್ದರೆ ಕೊನೆಯ 109 ಮೀಟರನ್ನು ಅವರು ತಮ್ಮ 100 ಮೀಟರ್ ಓಟದ ವೇಗದಲ್ಲೇ ಓಡಿರಬೇಕು. ಹನ್ನೊಂದು ನಿಮಿಷ ಓಡಿದ ಮೇಲೆ ಅದು ನಂಬುವ ಮಾತಲ್ಲ. ಹಾಗಾಗಿ ಎರಡು ಬೇರೆ ಓಟ ಅಂತಲೇ ಓದಬೇಕು, ಮತ್ತು ಮೈಲಿ ಚೆನ್ನಾಗಿ ಬಂತು ಅಂತಲೂ ಓದಬೇಕು. ದಣಿದ ಕಾಲು ಪ್ರತಿ ಓಟದಲ್ಲೂ ಒಂದೇ ಸಮ ಕೈಕೊಡುವುದಿಲ್ಲ. ಒಂದು ಓಟದಲ್ಲಿ ಸೀಸ ತುಂಬಿದ ಹಾಗಿರುತ್ತದೆ, ಇನ್ನೊಂದರಲ್ಲಿ ಯಾಕೋ ಸಡಿಲ ಆಗುತ್ತದೆ. ಟ್ರ್ಯಾಕಿನಲ್ಲಿ ಒಂದೇ ದಿನ ಎರಡು ಓಟ ಓಡಿದವರಿಗೆ ಇದು ಗೊತ್ತು. ಮೊದಲನೆಯದು ವಾರ್ಮ್ ಅಪ್ ಆಗಿಬಿಟ್ಟು ಎರಡನೆಯದೇ ಚೆನ್ನಾಗಿ ಬರುವುದುಂಟು.

ಆದರೆ ಐವತ್ತು ನಿಮಿಷದ ಓಟಕ್ಕೆ ಆ ಅದೃಷ್ಟ ಇರುವುದಿಲ್ಲ. ಚಿಕ್ಕ ಓಟದಲ್ಲಿ ಹುಮ್ಮಸ್ಸು, ಚಪ್ಪಾಳೆ ಎರಡೂ ಕಾಲಿನ ಭಾರವನ್ನು ಮರೆಸುತ್ತವೆ. 5000 ಅಂದರೆ ಹನ್ನೆರಡೂವರೆ ಸುತ್ತು. ಅಲ್ಲಿ ಮರೆಸಲು ಏನೂ ಸಿಗುವುದಿಲ್ಲ.

ಭಾನುವಾರ

ಅಕ್ಟೋಬರ್ 16ರಂದು ಅವರು ಟೊರಾಂಟೊ ವಾಟರ್‌ಫ್ರಂಟ್ ಮ್ಯಾರಥಾನ್ ಮುಗಿಸಿದರು. ಜನಜಂಗುಳಿಯಲ್ಲಿ ಸ್ಟಾರ್ಟ್ ಗೆರೆ ದಾಟಲಿಕ್ಕೇ ಹದಿನಾಲ್ಕು ನಿಮಿಷ ಹಿಡಿಯಿತು. ಗೆರೆಯಿಂದ ಗೆರೆಗೆ 8 ಗಂಟೆ 11 ನಿಮಿಷ 6 ಸೆಕೆಂಡು. ಗೆದ್ದ ಕೀನ್ಯಾದ ಕೆನೆತ್ ಮುಂಗಾರ ಇವರಿಗಿಂತ ಆರು ಗಂಟೆಗೂ ಹೆಚ್ಚು ಮುಂಚೆಯೇ ಮುಗಿಸಿದ್ದರು. ಫೌಜಾ ಸಿಂಗ್ ಕೊನೆಯವರ ಸಾಲಿನಲ್ಲಿ ಬಂದರು. ಅವರು ಕೊನೆಯ ಕೆಲವು ನೂರು ಮೀಟರ್‌ನಲ್ಲಿದ್ದಾಗಲೇ ಕೆಲಸದವರು ಬ್ಯಾರಿಕೇಡ್, ಬ್ಯಾನರ್ ಬಿಚ್ಚುತ್ತಿದ್ದರು. ಇದನ್ನು ಮುಗಿಸಿದರೆ ಇನ್ನೊಂದು ಸಲ ಮದುವೆಯಾದಷ್ಟು ಖುಷಿ ಅಂತ ದಾರಿಯಲ್ಲಿ ಕೋಚ್ ಹತ್ತಿರ ಹೇಳಿದ್ದರಂತೆ.

ಈಗ ಮತ್ತೆ ಸೂತ್ರಕ್ಕೆ ಬರೋಣ. ಗುರುವಾರದ 3000 ಮೀಟರ್ ಟೈಮಿಂಗ್ ಇಟ್ಟುಕೊಂಡರೆ ಮ್ಯಾರಥಾನ್ 6 ಗಂಟೆ 50 ನಿಮಿಷಕ್ಕೆ ಆಗಬೇಕು. ಗುರುವಾರದ 5000 ಇಟ್ಟುಕೊಂಡರೆ 7 ಗಂಟೆ 59 ನಿಮಿಷ. ಆದದ್ದು 8:11. ಎಂಟು ಗಂಟೆಯ ಓಟಕ್ಕೆ ಈ ಸೂತ್ರವನ್ನು ಎಳೆಯುವುದು ಸ್ವಲ್ಪ ಅತಿಯೇ, ಒಪ್ಪುತ್ತೇನೆ. ಆದರೂ 5000ಕ್ಕೂ ಮ್ಯಾರಥಾನಿಗೂ ಎಷ್ಟು ಹತ್ತಿರದ ನಂಟು ನೋಡಿ.

ಇದನ್ನು ಎರಡು ಥರ ಓದಬಹುದು. ಒಂದು, 5000 ಹೊತ್ತಿಗೆ ಕಾಲು ಸೋತಿತ್ತು, ಆ ಸೋಲು ಭಾನುವಾರದವರೆಗೂ ಉಳಿಯಿತು. ಎರಡು, ಭಾನುವಾರ ದೊಡ್ಡ ಕೆಲಸ ಇದೆ ಅಂತ ಗೊತ್ತಿದ್ದರಿಂದ 5000ವನ್ನು ಸುಮಾರು ಮ್ಯಾರಥಾನ್ ಧಾಟಿಯಲ್ಲೇ ಮುಗಿಸಿದರು. ನಾನು ಎರಡನೆಯದರ ಕಡೆ ವಾಲುತ್ತೇನೆ. ಹತ್ತು ವರ್ಷ ಮ್ಯಾರಥಾನ್ ಓಡಿದ ಕಾಲಿಗೆ, ಪಕ್ಕದಲ್ಲಿ ಕೋಚ್ ಇರುವಾಗ, ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕು ಅನ್ನುವುದು ಗೊತ್ತಿರುತ್ತದೆ. ಮೂರು ದಿನದಲ್ಲಿ ಮ್ಯಾರಥಾನ್ ಮುಗಿಸಿದ್ದು ಗುರುವಾರ ತೀರಾ ದಿವಾಳಿ ಆಗಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ.

ನಲವತ್ತರ ಕಾಲಿಗೆ ಇದು ಒಗ್ಗುತ್ತದೆಯೇ

ಇಲ್ಲೇ ಜನ ಎಡವುತ್ತಾರೆ. ನೂರರ ಅಜ್ಜ ಎಂಟು ಓಡಿದರೆ ನಾನು ಮೂರು ಓಡಬಾರದೇ ಅಂತ. ಆದರೆ ನಲವತ್ತರ ಓಟಗಾರನ ಹತ್ತಿರ ನಿಜವಾದ ವೇಗ ಇನ್ನೂ ಉಳಿದಿರುತ್ತದೆ, ಅಪಾಯ ಇರುವುದು ಅಲ್ಲೇ. 100 ಮೀಟರನ್ನು 15 ಸೆಕೆಂಡಿನಲ್ಲಿ ಓಡಬಲ್ಲ ಹವ್ಯಾಸಿ ಸೆಕೆಂಡಿಗೆ ಆರೂವರೆ ಮೀಟರಿಗಿಂತ ಜಾಸ್ತಿ ಹೋಗುತ್ತಾನೆ. ಫೌಜಾ ಸಿಂಗ್ ಹೋದದ್ದು ನಾಲ್ಕು ಮೀಟರ್ ಚಿಲ್ಲರೆ. ಕಾಲು ಮುಂದಕ್ಕೆ ಬೀಸಿ ನೆಲಕ್ಕೆ ಇಳಿಯುವ ಹೊತ್ತಿನಲ್ಲಿ ತೊಡೆಯ ಹಿಂಭಾಗದ ಸ್ನಾಯು ಆ ಬೀಸನ್ನು ಹಿಡಿದು ನಿಲ್ಲಿಸಬೇಕು. ವೇಗ ಹೆಚ್ಚಿದಂತೆ ಈ ಹೊರೆ ಜೋರಾಗಿ ಏರುತ್ತದೆ. ಲಾಂಗ್ ರನ್ ಮಾಡಿದ ಕಾಲು ನಿಧಾನದ ಪೇಸಿನಲ್ಲಿ ಎಷ್ಟು ದೂರ ಬೇಕಾದರೂ ಹೋದೀತು. ಪೂರ್ತಿ ವೇಗದ ನಾಲ್ಕು ಸೆಕೆಂಡಿನಲ್ಲಿ ಟಪ್ಪನೆ ಹಿಡಿದುಕೊಳ್ಳುತ್ತದೆ. ದೂರದ ಓಟಗಾರರಿಗೆ ಆ ವೇಗದ ಅಭ್ಯಾಸವೂ ಇರುವುದಿಲ್ಲ. ಮೇಲಿಂದ ಯಾರದೋ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಟ್ರ್ಯಾಕ್ ಶೂ) ಸಾಲ ಪಡೆದು ಹಾಕಿಕೊಂಡಿರುತ್ತಾರೆ. ತೆಳು ಹಿಮ್ಮಡಿಯ ಶೂ, ಮೀನಖಂಡದ ಮೇಲೆ ಇನ್ನಷ್ಟು ಎಳೆತ.

ಭಾನುವಾರ ಲಾಂಗ್ ರನ್ ಮಾಡಿ ವಾರದ ನಡುವೆ ಟ್ರ್ಯಾಕ್ ಕೂಟ ಇದ್ದರೆ ನನ್ನ ಮಾತು ಸರಳ. 3000 ಅಥವಾ 5000 ಓಡಿ, ದಣಿದ ಕಾಲಿನಲ್ಲೇ ಓಡಿ, ತಪ್ಪೇನಿಲ್ಲ. ಟೈಮಿಂಗ್ ಕೆಡುತ್ತದೆ, ಕಾಲು ಕೆಡುವುದಿಲ್ಲ. 1500 ಕೂಡ ಸರಿ, ಕೊನೆಯ ಇನ್ನೂರರಲ್ಲಿ ಪಕ್ಕದವನನ್ನು ಹಿಂದೆ ಹಾಕುವ ಆಸೆ ಹತೋಟಿಯಲ್ಲಿದ್ದರೆ. 100, 200ಕ್ಕೆ ಮಾತ್ರ ತಾಜಾ ಕಾಲು ಬೇಕು. ಅದನ್ನು ಮಜಾಕ್ಕೆ ಅಂತ ಕೊನೆಯಲ್ಲಿ ಸೇರಿಸಿಕೊಳ್ಳುವವರೇ ಜಾಸ್ತಿ. ಟೈಮ್‌ಟೇಬಲ್ಲಿನಲ್ಲಿ ರಿಲೇ ಕೊನೆಗೆ ಇರುತ್ತದೆ, ಒಬ್ಬರು ಕಡಿಮೆ ಬಿದ್ದಿದ್ದಾರೆ ಅಂತ ಯಾರೋ ಕರೆಯುತ್ತಾರೆ. ಅದಕ್ಕೆ ಇಲ್ಲ ಅನ್ನಲು ಕಲಿಯಬೇಕು.

ಇನ್ನೊಂದು ವಿಷಯ, ಹೋಲಿಕೆಯದು. ದಣಿದ ಕಾಲಿನಲ್ಲಿ ಬಂದ 5000ದ ಟೈಮಿಂಗ್ ಹಿಡಿದು ಮುಂದಿನ ಆರು ತಿಂಗಳ ಪೇಸ್ ಲೆಕ್ಕ ಹಾಕುವವರಿದ್ದಾರೆ. "ನನ್ನ ಫಿಟ್‌ನೆಸ್ ಇಷ್ಟೇ" ಅಂತ ಕುಗ್ಗುವವರೂ ಇದ್ದಾರೆ. ಫೌಜಾ ಸಿಂಗ್ ಅವರ ಪ್ರಕರಣದಲ್ಲಿ ಇದಕ್ಕೂ ಒಂದು ಉತ್ತರ ಸಿಗುತ್ತದೆ. ಟೊರಾಂಟೊ ಆಗಿ ಹದಿನಾರು ತಿಂಗಳಿಗೆ, 2013ರ ಫೆಬ್ರವರಿ 24ರಂದು, ಅವರು ಹಾಂಗ್‌ಕಾಂಗ್‌ನಲ್ಲಿ ತಮ್ಮ ಕೊನೆಯ ಸ್ಪರ್ಧೆ ಓಡಿದರು. 10 ಕಿಲೋಮೀಟರ್. ಅಂದು ಅವರ ಕಾಲಿನ ಮೇಲೆ ಬೇರೆ ಏಳು ಓಟದ ಹೊರೆ ಇರಲಿಲ್ಲ. 1 ಗಂಟೆ 32 ನಿಮಿಷ 28 ಸೆಕೆಂಡಿಗೆ ಮುಗಿಸಿದರು. ಸರಾಸರಿ ಹಾಕಿದರೆ 5 ಕಿಲೋಮೀಟರಿಗೆ 46 ನಿಮಿಷ 14 ಸೆಕೆಂಡು, ಅದೂ ಎರಡು ಸಲ, ಬೆನ್ನು ಬೆನ್ನಿಗೆ. ವಯಸ್ಸು ಒಂದು ವರ್ಷಕ್ಕಿಂತ ಜಾಸ್ತಿ ಏರಿತ್ತು, ದೂರ ಇಮ್ಮಡಿ ಆಗಿತ್ತು, ಆದರೂ ಟೊರಾಂಟೊ ಟ್ರ್ಯಾಕಿನ 5000ಕ್ಕಿಂತ ಪ್ರತಿ ಐದು ಕಿಲೋಮೀಟರಿಗೆ ಮೂರು ಮುಕ್ಕಾಲು ನಿಮಿಷ ಬೇಗ. ರಸ್ತೆ ಬೇರೆ, ಟ್ರ್ಯಾಕ್ ಬೇರೆ, ಹವೆ ಬೇರೆ, ಅದೆಲ್ಲ ನಿಜ. ಅದೆಲ್ಲ ಕಳೆದರೂ ಆ ಗುರುವಾರದ 49:57ರಲ್ಲಿ ಒಂದೆರಡು ನಿಮಿಷವಾದರೂ ಉಳಿದ ಏಳು ಓಟಗಳ ಲೆಕ್ಕಕ್ಕೆ, ಇಲ್ಲವೇ ಭಾನುವಾರಕ್ಕೆ ಉಳಿಸಿಕೊಂಡ ಲೆಕ್ಕಕ್ಕೆ ಹೋಗಬೇಕು.